ಐಸ್‌ಕ್ರೀಂ ಪೆಟ್ಟಿಗೆಗೆ ನಲ್ಲಿ ಕೂರಿಸಿದರೆ

ಹಳೆಯ ಡೀಪ್ ಫ್ರೀಜರ್ ಡ್ರಾಫ್ಟ್ ಬಿಯರ್ ಯಂತ್ರವಾಗುವುದು ಹೇಗೆ? ದಾವಣಗೆರೆ–ಹರಿಹರದ ಬಿಸಿಲು, ಕರೆಂಟು, ಕಾಯ್ದೆ ಮೂರನ್ನೂ ಎದುರಿಗಿಟ್ಟುಕೊಂಡು ಒಂದು ಲೆಕ್ಕಾಚಾರ

ಏಪ್ರಿಲ್ ಬಂತೆಂದರೆ ದಾವಣಗೆರೆಯಲ್ಲಿ ಎರಡು ಯಂತ್ರಗಳಿಗೆ ಬಿಡುವೇ ಇರುವುದಿಲ್ಲ. ಮಂಡಕ್ಕಿ–ಮಿರ್ಚಿ ತಿಂದು ಬಾಯಿ ಉರಿಸಿಕೊಂಡವರಿಗೆ ತಂಪು ಕೊಡುವ ಸೋಡಾ ಮಷಿನ್ ಒಂದು. ಬೇಕರಿ, ಐಸ್‌ಕ್ರೀಂ ಅಂಗಡಿಗಳ ಮೂಲೆಯಲ್ಲಿ ಹಗಲೂ ರಾತ್ರಿ ಗುಂಯ್‌ಗುಡುವ ಡೀಪ್ ಫ್ರೀಜರ್ ಇನ್ನೊಂದು. ಮುಚ್ಚಳ ಮೇಲಕ್ಕೆ ತೆರೆಯುವ ಈ ಉದ್ದನೆಯ ಪೆಟ್ಟಿಗೆಗಳು ಕೆಲವು ವರ್ಷ ದುಡಿದ ಮೇಲೆ ಸೆಕೆಂಡ್ ಹ್ಯಾಂಡ್ ಅಂಗಡಿಗೋ ಗುಜರಿಗೋ ಹೋಗುತ್ತವೆ. ಹೊರಮೈಗೆ ತುಕ್ಕು ಹಿಡಿದಿದ್ದರೂ ಒಳಗಿನ ಕಂಪ್ರೆಸರ್ ಬಹಳ ಸಲ ಗಟ್ಟಿಯಾಗಿಯೇ ಇರುತ್ತದೆ.

ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದ ಮನೆಗಳಲ್ಲಿ ಇಂಥ ಪೆಟ್ಟಿಗೆಗೆ ಬೇರೊಂದು ಬಾಳು ಸಿಗುತ್ತದೆ. ಅದರೊಳಗೆ ಸ್ಟೀಲ್ ಪೀಪಾಯಿಗಳನ್ನು ನಿಲ್ಲಿಸಿ, ಗ್ಯಾಸ್ ಸಿಲಿಂಡರ್ ಜೋಡಿಸಿ, ಮೇಲ್ಭಾಗಕ್ಕೆ ನಲ್ಲಿ ಕೂರಿಸುತ್ತಾರೆ. ನಲ್ಲಿ ತಿರುವಿದರೆ ನೊರೆ ತುಂಬಿದ ತಣ್ಣನೆಯ ಡ್ರಾಫ್ಟ್ ಬಿಯರ್. ಅಲ್ಲಿನವರು ಇದನ್ನು ಕೀಜರ್ ಎನ್ನುತ್ತಾರೆ. ಇದಕ್ಕೆ ಬೇಕಾದ ಕೈಗಳು ನಮ್ಮಲ್ಲೂ ಇವೆ: ಫ್ರಿಜ್ ಮೆಕ್ಯಾನಿಕ್, ಬಡಗಿ, ಲೇತ್ ಕೆಲಸದವರು, ಸೋಡಾ ಮಷಿನ್ ರಿಪೇರಿಯವರು. ಹಾಗಿದ್ದರೆ ಇದು ದಾವಣಗೆರೆಯಲ್ಲೋ ಹರಿಹರದಲ್ಲೋ ಆಗುವ ಕೆಲಸವೇ?

ಯಂತ್ರದ ಮಟ್ಟಿಗೆ ಧಾರಾಳವಾಗಿ ಆಗುತ್ತದೆ. ಮನೆಯಲ್ಲೇ ಕುದಿಸಿ ಹುಳಿಬರಿಸಿದ ಬಿಯರ್ ತುಂಬಿಸುವುದು ಮಾತ್ರ ಆಗದು, ಕಾಯ್ದೆ ಬಿಡುವುದಿಲ್ಲ. ಆದರೆ ಈ ಯಂತ್ರದ ಭಾಗಗಳ ಹಿನ್ನೆಲೆ ಹುಡುಕುತ್ತ ಹೋದರೆ, ಅದರ ಅರ್ಧಕ್ಕರ್ಧ ಸಾಮಾನು ಬಿಯರಿನದೇ ಅಲ್ಲ, ಸೋಡಾದ್ದು ಎಂದು ತಿಳಿಯುತ್ತದೆ. ನಮ್ಮೂರಿನಲ್ಲಿ ಅದನ್ನು ಸೋಡಾಕ್ಕೇ ಮರಳಿಸಿದರೆ ಕಾನೂನೂ ಸುಮ್ಮನಿರುತ್ತದೆ, ಬಿಸಿಲಿಗೂ ಉತ್ತರ ಸಿಗುತ್ತದೆ.

ಬಿಯರ್ ಹೆತ್ತ ಸೋಡಾ

1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ಊರಿಗೆ ಬಂದ ಪಾದ್ರಿ ಜೋಸೆಫ್ ಪ್ರೀಸ್ಟ್ಲಿ ವಾಸಕ್ಕಿದ್ದದ್ದು ಒಂದು ಬಿಯರ್ ಕಾರ್ಖಾನೆಯ ಪಕ್ಕದಲ್ಲಿ. ಹುಳಿಯುತ್ತಿದ್ದ ತೊಟ್ಟಿಗಳ ಮೇಲೆ ಒಂದು ಬಗೆಯ ಗಾಳಿ ದಪ್ಪಗೆ ಕೂತಿರುವುದನ್ನು ಅವರು ಗಮನಿಸಿದರು. ಉರಿಯುವ ಕಡ್ಡಿ ಹಿಡಿದರೆ ಅದರಲ್ಲಿ ಆರಿಹೋಗುತ್ತಿತ್ತು. ಅದೇ ಇಂಗಾಲದ ಡೈಆಕ್ಸೈಡ್. ತೊಟ್ಟಿಯ ಮೇಲೆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದಾಡಿದಾಗ ಆ ಗಾಳಿ ನೀರಿನಲ್ಲಿ ಕರಗಿ ಚುರುಕು ರುಚಿ ಬಂತು. 1772ರಲ್ಲಿ ಈ ವಿಧಾನದ ಬಗ್ಗೆ ಅವರು ಪುಸ್ತಿಕೆಯನ್ನೇ ಅಚ್ಚುಹಾಕಿಸಿದರು. ಹನ್ನೊಂದು ವರ್ಷಗಳ ಬಳಿಕ, 1783ರಲ್ಲಿ, ಜಿನೀವಾದಲ್ಲಿ ಯೋಹಾನ್ ಯಾಕೋಬ್ ಶ್ವೆಪ್ ಸೋಡಾ ವ್ಯಾಪಾರಕ್ಕೆ ಇಳಿದ. 1872ರಲ್ಲಿ ಹೈರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ ಗಾಜಿನ ಗೋಲಿಯೇ ಬಿರಡೆಯಾಗುವ ಬಾಟಲಿಗೆ ಪೇಟೆಂಟ್ ಪಡೆದ. ಅವನ ನಾಡಿನಲ್ಲಿ ಅದು ಎಂದೋ ಮೂಲೆ ಸೇರಿತು. ನಮ್ಮ ಜಾತ್ರೆಗಳಲ್ಲಿ ಗೋಲಿ ಸೋಡಾ ಇನ್ನೂ ಸಿಡಿಯುತ್ತಿದೆ.

ಬಿಯರಿನ ತೊಟ್ಟಿಯಿಂದ ಸೋಡಾ ಹುಟ್ಟಿತಲ್ಲ, ಆ ಸಾಲ ತೀರಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದ ತಂಪುಪಾನೀಯ ಕಂಪನಿಗಳು ಹೋಟೆಲುಗಳಿಗೆ ಸಿರಪ್ ಕಳಿಸಲು ಸುಮಾರು 19 ಲೀಟರ್ ಹಿಡಿಯುವ ಸ್ಟೇನ್‌ಲೆಸ್ ಸ್ಟೀಲ್ ಪೀಪಾಯಿಗಳನ್ನು ಬಳಸುತ್ತಿದ್ದವು. ತಯಾರಿಸಿದ ಕಾರ್ನೀಲಿಯಸ್ ಕಂಪನಿಯ ಹೆಸರಿನಿಂದ ಅವುಗಳಿಗೆ ‘ಕಾರ್ನಿ ಕೆಗ್’ ಎಂಬ ಹೆಸರು ಬಂತು. ಮುಂದೆ ಸಿರಪ್ ರಟ್ಟಿನ ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ಚೀಲದಲ್ಲಿ ಬರತೊಡಗಿದಾಗ ಇವು ರಾಶಿರಾಶಿಯಾಗಿ ಮೂಲೆಗೆ ಬಿದ್ದವು. ಅಷ್ಟರಲ್ಲಿ ಅಮೆರಿಕದಲ್ಲಿ ಮನೆಬಳಕೆಗೆ ಬಿಯರ್ ಮಾಡಿಕೊಳ್ಳುವುದಕ್ಕೆ ಕಾನೂನಿನ ಒಪ್ಪಿಗೆಯೂ ಸಿಕ್ಕಿತ್ತು. ಅಧ್ಯಕ್ಷ ಜಿಮ್ಮಿ ಕಾರ್ಟರ್ ಆ ಮಸೂದೆಗೆ ಸಹಿ ಹಾಕಿದ್ದು 1978ರ ಅಕ್ಟೋಬರಿನಲ್ಲಿ. ಬ್ರಿಟನ್ ಅದಕ್ಕೂ ಮೊದಲೇ, 1963ರಲ್ಲಿ, ಮನೆ ಬಿಯರಿಗೆ ಲೈಸೆನ್ಸ್ ಬೇಡವೆಂದಿತ್ತು. ಅಗ್ಗಕ್ಕೆ ಸಿಕ್ಕ ಸೋಡಾ ಪೀಪಾಯಿ, ಸಂತೆಗೆ ಬಂದ ಹಳೆಯ ಫ್ರೀಜರ್, ಕೈಯಲ್ಲಿದ್ದ ಬಿಡುವು ಮೂರೂ ಸೇರಿ ಹುಟ್ಟಿದ ಯಂತ್ರ ಇದು. ಯಾವ ಕಂಪನಿಯೂ ಇದನ್ನು ವಿನ್ಯಾಸ ಮಾಡಲಿಲ್ಲ.

ಕಾಯ್ದೆ ಏನನ್ನುತ್ತದೆ?

ಕರ್ನಾಟಕಕ್ಕೆ ಬಿಯರ್ ಹೊಸದಲ್ಲ. ದಕ್ಷಿಣದ ಐದು ಬ್ರೂವರಿಗಳನ್ನು ಒಟ್ಟುಗೂಡಿಸಿ ಥಾಮಸ್ ಲೀಷ್ಮನ್ ಎಂಬ ಸ್ಕಾಟ್ಲೆಂಡಿನವ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಅಂದು ಎತ್ತಿನ ಗಾಡಿಯ ಮೇಲೆ ದೊಡ್ಡ ದೊಡ್ಡ ಪೀಪಾಯಿಗಳಲ್ಲಿ ಬಿಯರ್ ದಂಡಿನ ಸೈನಿಕರಿಗೆ ಹೋಗುತ್ತಿತ್ತು. ಸ್ವಾತಂತ್ರ್ಯದ ಹೊತ್ತಿಗೆ ಕಂಪನಿ ವಿಠಲ ಮಲ್ಯರ ಕೈಗೆ ಬಂತು. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆಯಲ್ಲಿರುವ ಯುಬಿ ಸಿಟಿ ಎದ್ದು ನಿಂತಿರುವುದು ಹಳೆಯ ಬ್ರೂವರಿಯ ನೆಲದಲ್ಲೇ. 1980ರ ದಶಕದಲ್ಲಿ ಬೆಂಗಳೂರಿನ ಪಬ್ಬುಗಳು ನಲ್ಲಿಯಿಂದ ಬಿಯರ್ ಹಿಡಿದುಕೊಡುವ ಪದ್ಧತಿಯನ್ನು ಜನಪ್ರಿಯಗೊಳಿಸಿದವು. 2010ರ ಆಸುಪಾಸಿನಿಂದ ಹೋಟೆಲಿನೊಳಗೇ ಬಿಯರ್ ತಯಾರಿಸುವ ಮೈಕ್ರೋಬ್ರೂವರಿಗಳು ಬಂದವು. ಟಾಯ್ಟ್ ಮತ್ತು ಬಿಯರ್ ಕ್ಲಬ್ ಆ ಮೊದಲ ಸಾಲಿನವು.

ಇವೆಲ್ಲ ಲೈಸೆನ್ಸಿನ ನೆರಳಿನಲ್ಲಿ ನಡೆದದ್ದು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಬಿಯರೂ ಆ ಮದ್ಯದ ಲೆಕ್ಕಕ್ಕೇ ಸೇರುತ್ತದೆ. ಅಮೆರಿಕದವರಿಗೆ ಸಿಕ್ಕ ‘ಮನೆಬಳಕೆಗೆ ಮಾತ್ರ’ ಎಂಬ ವಿನಾಯಿತಿ ಇಲ್ಲಿಲ್ಲ. ಕಾರ್ಖಾನೆಯಿಂದ ಅಂಗಡಿಗೆ ಹೋಗುವ ಬಿಯರ್ ರಾಜ್ಯ ಪಾನೀಯ ನಿಗಮದ ಗೋದಾಮಿನ ಮೂಲಕವೇ ಸಾಗಬೇಕು. 2003ರಿಂದ ಜಾರಿಯಲ್ಲಿರುವ ವ್ಯವಸ್ಥೆ ಅದು. ಮನೆಯಲ್ಲಿ ಒಬ್ಬರು ಎಷ್ಟು ಇಟ್ಟುಕೊಳ್ಳಬಹುದು ಎನ್ನುವುದಕ್ಕೂ ಮಿತಿಯಿದೆ. ಮೈಕ್ರೋಬ್ರೂವರಿಯ ಬಿಯರನ್ನು ಅಲ್ಲೇ ಕೂತು ಕುಡಿಯುವುದು ಸಾಮಾನ್ಯ ನಿಯಮ. 2020ರ ಲಾಕ್‌ಡೌನ್‌ನಲ್ಲಿ ತೊಟ್ಟಿಗಳಲ್ಲಿದ್ದ ಬಿಯರ್ ಕೆಟ್ಟುಹೋಗುವ ಪರಿಸ್ಥಿತಿ ಬಂದಾಗ ಪಾರ್ಸೆಲ್ ಒಯ್ಯಲು ಸರ್ಕಾರ ತಾತ್ಕಾಲಿಕ ಅವಕಾಶ ಕೊಟ್ಟಿತ್ತು.

ಅಂಗಡಿಯ ಬಾಟಲಿ ಬಿಯರನ್ನೇ ತಂದು ಪೀಪಾಯಿಗೆ ಸುರಿದರೆ? ಸುರಿಯುವಾಗಲೇ ಅರ್ಧ ಗ್ಯಾಸ್ ಹೋಗುತ್ತದೆ, ಗಾಳಿ ತಾಗಿ ರುಚಿ ಕೆಡುತ್ತದೆ. ಹಾಗಾಗಿ ದಾವಣಗೆರೆಯ ಮನೆಯಲ್ಲಿ ಕಾನೂನುಬದ್ಧವಾದ ಡ್ರಾಫ್ಟ್ ಬಿಯರ್ ಎಂಬುದು ಸದ್ಯಕ್ಕೆ ಕೈಗೆಟುಕದ ಮಾತು. ನಲ್ಲಿ, ಪೀಪಾಯಿ, ಫ್ರೀಜರುಗಳ ಮೇಲೆ ಮಾತ್ರ ಯಾವ ನಿರ್ಬಂಧವೂ ಇಲ್ಲ.

ಹೆಪ್ಪುಗಟ್ಟಿಸುವ ಪೆಟ್ಟಿಗೆಗೆ ಲಗಾಮು

ನೇರ ನಿಂತಿರುವ ಫ್ರಿಜ್ ಬಿಟ್ಟು ಮಲಗಿದ ಡೀಪ್ ಫ್ರೀಜರೇ ಯಾಕೆ? ತಣ್ಣನೆಯ ಗಾಳಿ ಭಾರ. ಫ್ರಿಜ್ ಬಾಗಿಲು ತೆರೆದೊಡನೆ ಅದು ಕಾಲ ಬಳಿ ಹರಿದುಹೋಗುತ್ತದೆ. ಮೇಲ್ಮುಚ್ಚಳದ ಪೆಟ್ಟಿಗೆಯಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲ. ಗೋಡೆಗಳಲ್ಲಿ ದಪ್ಪನೆಯ ಫೋಮ್ ಇರುತ್ತದೆ. ಭಾರವಾದ ಪೀಪಾಯಿಗಳನ್ನು ತಡೆದುಕೊಳ್ಳುವ ತಳವೂ ಇದೆ. ಸುಮಾರು 200 ಲೀಟರಿನ ಪೆಟ್ಟಿಗೆಯಲ್ಲಿ ಕಾರ್ನಿ ಕೆಗ್ ಮೂರೋ ನಾಲ್ಕೋ ಹಿಡಿಯುತ್ತವೆ. ಕಂಪ್ರೆಸರ್ ಇರುವ ಕಡೆ ಒಳಗೆ ಒಂದು ಮೆಟ್ಟಿಲಿನಂಥ ಉಬ್ಬು ಇರುತ್ತದೆ, ಅಲ್ಲಿ ಚಿಕ್ಕ ಸಿಲಿಂಡರ್ ಕೂರಿಸಬಹುದು.

ತೊಡಕಿರುವುದು ಫ್ರೀಜರಿನ ಸ್ವಭಾವದಲ್ಲಿ. ಮೈನಸ್ 18 ಡಿಗ್ರಿಗೆ ಇಳಿಸುವುದಕ್ಕೆ ಹುಟ್ಟಿದ ಯಂತ್ರ ಅದು. ನಮಗೆ ಬೇಕಾದದ್ದು 3–4 ಡಿಗ್ರಿ. ಅದರ ಸ್ವಂತ ಥರ್ಮೋಸ್ಟಾಟನ್ನು ನಂಬಿದರೆ ಬೆಳಗಾಗುವಷ್ಟರಲ್ಲಿ ಎಲ್ಲ ಗಡ್ಡೆಕಟ್ಟಿ ಪೈಪು ಒಡೆದಿರುತ್ತದೆ. ಆದ್ದರಿಂದ ಹೊರಗಿನಿಂದ ಒಂದು ಡಿಜಿಟಲ್ ತಾಪಮಾನ ಕಂಟ್ರೋಲರ್ ಹಾಕಬೇಕು. ಅದರ ಕೆಲಸ ಸರಳ: ಒಳಗಿನ ಸೆನ್ಸರ್ 4 ಡಿಗ್ರಿ ತೋರಿಸಿದರೆ ಫ್ರೀಜರಿನ ಕರೆಂಟ್ ಕಡಿಯುವುದು, 5 ದಾಟಿದರೆ ಮತ್ತೆ ಕೊಡುವುದು. ಸೆನ್ಸರನ್ನು ಗಾಳಿಯಲ್ಲಿ ತೂಗುಬಿಟ್ಟರೆ ಮುಚ್ಚಳ ತೆಗೆದಾಗಲೆಲ್ಲ ಕಂಪ್ರೆಸರ್ ಎದ್ದು ಕೂರುತ್ತದೆ. ಪೀಪಾಯಿಯ ಮೈಗೆ ಟೇಪಿನಲ್ಲಿ ಅಂಟಿಸಿ ಮೇಲೊಂದು ತುಂಡು ಫೋಮ್ ಹೊದಿಸಿದರೆ ಅದು ಅಳೆಯುವುದು ಪಾನೀಯದ ತಾಪಮಾನವನ್ನು, ಗಾಳಿಯದನ್ನಲ್ಲ.

ಕಂಟ್ರೋಲರಿನಲ್ಲಿ ಮರೆಯದೆ ಹೊಂದಿಸಬೇಕಾದದ್ದು ‘ಡಿಲೇ’. ನಿಂತ ಕಂಪ್ರೆಸರ್ ಮತ್ತೆ ಶುರುವಾಗುವ ಮೊದಲು ಮೂರರಿಂದ ಐದು ನಿಮಿಷ ಬಿಡುವು ಬೇಕು. ಪೈಪಿನೊಳಗಿನ ಹೆಚ್ಚು ಒತ್ತಡ ಮತ್ತು ಕಡಿಮೆ ಒತ್ತಡದ ಬದಿಗಳು ಸಮವಾಗದೆ ಮೋಟಾರ್ ತಿರುಗಲಾರದು. ತಿರುಗಲಾಗದೆ ತಿಣುಕಿ ಬಿಸಿಯಾಗಿ ಒಂದು ದಿನ ಸುಟ್ಟುಹೋಗುತ್ತದೆ. ಕರೆಂಟ್ ಹೋಗಿ ಬಂದು ಆಟವಾಡುವ ಊರುಗಳಲ್ಲಿ ಕಂಪ್ರೆಸರ್ ಸಾಯುವುದಕ್ಕೆ ಇದೂ ಒಂದು ದೊಡ್ಡ ಕಾರಣ. ಭದ್ರಾ ನಾಲೆಯ ಕೊನೆಭಾಗದ ಮಲೇಬೆನ್ನೂರು, ಕೊಕ್ಕನೂರಿನಂಥ ಕಡೆ ಪಂಪ್‌ಸೆಟ್ಟುಗಳು ಒಟ್ಟಿಗೆ ಓಡುವ ಹೊತ್ತಿನಲ್ಲಿ ವೋಲ್ಟೇಜ್ ಕುಸಿದರೂ ಇದೇ ಗತಿ. ಅಂಥಲ್ಲಿ ಸ್ಟೆಬಿಲೈಸರ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು.

ಹೊಸದನ್ನೇ ಕೊಳ್ಳುವವರಿಗೆ ಸುಲಭದ ದಾರಿಯೂ ಇದೆ. ಒಂದು ಸ್ವಿಚ್ಚಿನಲ್ಲಿ ಫ್ರೀಜರನ್ನು ಕೂಲರ್ ಮಾಡಿಕೊಳ್ಳುವ ‘ಕನ್ವರ್ಟಿಬಲ್’ ಮಾದರಿಗಳು ನಮ್ಮ ಮಾರುಕಟ್ಟೆಯಲ್ಲೇ ಸಿಗುತ್ತವೆ.

ಕೊರೆಯುವುದು ಎಲ್ಲಿ?

ನಲ್ಲಿ ಕೂರಿಸಲು ತೂತು ಬೇಕು. ಇಲ್ಲೇ ಹಲವರ ಫ್ರೀಜರ್ ಸತ್ತಿರುವುದು. ಡೀಪ್ ಫ್ರೀಜರಿನ ಗೋಡೆಗಳು ಖಾಲಿ ತಗಡಲ್ಲ, ತಂಪು ಮಾಡುವ ಕೊಳವೆಗಳು ಒಳಮೈಗೆ ಅಂಟಿಕೊಂಡು ಸುತ್ತಿರುತ್ತವೆ. ಎಷ್ಟೋ ಮಾದರಿಗಳಲ್ಲಿ ಬಿಸಿ ಹೊರಹಾಕುವ ಕೊಳವೆಗಳೂ ಹೊರತಗಡಿನ ಹಿಂದೆಯೇ ಇರುತ್ತವೆ. ಡ್ರಿಲ್ ತುದಿ ಒಂದು ಕೊಳವೆಗೆ ತಾಗಿದರೆ ಗ್ಯಾಸ್ ಬುಸ್ಸೆಂದು ಹೋಗಿ ಪೆಟ್ಟಿಗೆ ಬರೀ ತಗಡಾಗುತ್ತದೆ. ಈಚಿನ ಫ್ರೀಜರುಗಳಲ್ಲಿ ತುಂಬುವ ಆರ್–600ಎ ಎಂದರೆ ಐಸೋಬ್ಯೂಟೇನ್, ಹೊತ್ತಿಕೊಳ್ಳುವ ಅನಿಲ. ಕಿಡಿ ಹಾರುವ ಡ್ರಿಲ್ಲಿನ ಮುಂದೆ ಅದು ಸೋರುವುದು ಬೇಡವೇ ಬೇಡ.

ಇದಕ್ಕೆ ಕಂಡುಕೊಂಡ ಪರಿಹಾರ ಬಡಗಿಯದು. ಮುಚ್ಚಳದ ತಿರುಗುಣಿ ಬಿಚ್ಚಿ, ಪೆಟ್ಟಿಗೆಯ ಬಾಯಿಯ ಅಳತೆಗೆ ಸರಿಯಾಗಿ 15–20 ಸೆಂಟಿಮೀಟರ್ ಎತ್ತರದ ಮರದ ಚೌಕಟ್ಟು ಮಾಡಿ, ಅದನ್ನು ಪೆಟ್ಟಿಗೆ ಮತ್ತು ಮುಚ್ಚಳದ ನಡುವೆ ಕೂರಿಸುತ್ತಾರೆ. ಸಿಲಿಕೋನ್ ಹಚ್ಚಿ ಸಂದು ಮುಚ್ಚಿ, ಒಳಬದಿಗೆ ಫೋಮ್ ಹಾಳೆ ಅಂಟಿಸಿ, ಮುಚ್ಚಳವನ್ನು ಈ ಚೌಕಟ್ಟಿಗೇ ತಿರುಗುಣಿ ಹಾಕಿ ನಿಲ್ಲಿಸಿದರೆ ಮುಗಿಯಿತು. ನಲ್ಲಿಯ ತೂತು, ಗ್ಯಾಸ್ ಪೈಪಿನ ತೂತು, ಸೆನ್ಸರ್ ವೈರಿನ ತೂತು ಎಲ್ಲ ಮರದ ಮೇಲೆ. ಫ್ರೀಜರಿನ ಮೈಗೆ ಒಂದು ಮೊಳೆಯೂ ತಾಗುವುದಿಲ್ಲ. ಎತ್ತರ ಸಿಕ್ಕಿದ್ದರಿಂದ ಕಂಪ್ರೆಸರಿನ ಉಬ್ಬಿನ ಮೇಲೂ ಒಂದು ಪೀಪಾಯಿ ನಿಲ್ಲುತ್ತದೆ. ಎಂದಾದರೂ ಮನಸ್ಸು ಬದಲಾದರೆ ಚೌಕಟ್ಟು ತೆಗೆದು ಮತ್ತೆ ಐಸ್‌ಕ್ರೀಂ ಇಡಬಹುದು.

ನಲ್ಲಿ, ರೆಗ್ಯುಲೇಟರ್, ನಲ್ಲಿಯಿಂದ ಒಳಕ್ಕೆ ಹೋಗುವ ತಿರುಪಿನ ಸುತ್ತುಗಳಿರುವ ಕೊಳವೆ ಎಲ್ಲವನ್ನೂ ಆನ್‌ಲೈನಿನಲ್ಲಿ ತರಿಸಿದರೆ ಅವುಗಳ ಬೆಲೆ ಸೆಕೆಂಡ್ ಹ್ಯಾಂಡ್ ಫ್ರೀಜರಿನ ಬೆಲೆಯ ಜತೆ ಪೈಪೋಟಿಗೆ ನಿಲ್ಲುತ್ತದೆ. ಕೊಳವೆಯನ್ನು ಲೇತಿನಲ್ಲೇ ಮಾಡಿಸಿಕೊಳ್ಳಬಹುದಾದ ಹರಿಹರದವರು ಇಲ್ಲಿ ಅದೃಷ್ಟವಂತರು. 1941ರಲ್ಲಿ ತುಂಗಭದ್ರೆಯ ದಂಡೆಯ ಈ ಊರಿನಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ದೇಶಕ್ಕೆಲ್ಲ ಲೇತ್ ಕಳಿಸಿತು. ಈ ಶತಮಾನದ ಆರಂಭದಲ್ಲಿ ಅದು ಬಾಗಿಲು ಮುಚ್ಚಿದರೂ ಲೋಹ ತಿರುವುವ ಕಸುಬು ಊರಿನಿಂದ ಹೋಗಿಲ್ಲ. ಹೇಳಬೇಕಾದ ಮಾತು ಒಂದೇ: ಪಾನೀಯ ತಾಗುವ ಭಾಗ ಆಹಾರಕ್ಕೆ ತಕ್ಕ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದೇ ಆಗಿರಲಿ. ಹಿತ್ತಾಳೆ, ತಾಮ್ರ ಕೂಡದು. ತಾಮ್ರದ ತಂಬಿಗೆಯ ನೀರು ನಮ್ಮ ಮನೆಗಳಿಗೆ ಪ್ರಿಯ, ನಿಜ. ಗ್ಯಾಸ್ ಕರಗಿದ ನೀರು ಮಾತ್ರ ಆಮ್ಲ. ಅದು ತಾಮ್ರವನ್ನು ಕರಗಿಸಿ ಲೋಟಕ್ಕೆ ತರುತ್ತದೆ, ಕುಡಿದವರಿಗೆ ವಾಂತಿ, ಹೊಟ್ಟೆನೋವು.

ಹಾಲಿನ ಕ್ಯಾನನ್ನೇ ಪೀಪಾಯಿ ಮಾಡಿದರಾಗದೇ ಎಂಬ ಯೋಚನೆ ಯಾರಿಗಾದರೂ ಬರುವಂಥದ್ದು. ಒತ್ತಡ ಚದರ ಅಂಗುಲಕ್ಕೆ 30 ಪೌಂಡ್ ಇದ್ದರೆ, 20 ಸೆಂಟಿಮೀಟರ್ ಅಗಲದ ಮುಚ್ಚಳವನ್ನು ಒಳಗಿನಿಂದ ಒತ್ತುವ ಬಲ ಸುಮಾರು 650 ಕಿಲೋ ತೂಕದಷ್ಟಾಗುತ್ತದೆ. ಹಾಲಿನ ಕ್ಯಾನಿನ ಕೊಕ್ಕೆ ಅದನ್ನು ತಡೆಯುವುದಿಲ್ಲ, ಮುಚ್ಚಳ ಎದುರಿದ್ದವರ ಮುಖಕ್ಕೆ ಹಾರುತ್ತದೆ. ಒತ್ತಡಕ್ಕೆಂದೇ ಮಾಡಿ ಪರೀಕ್ಷಿಸಿದ, ಹೆಚ್ಚಾದ ಗ್ಯಾಸ್ ಹೊರಬಿಡುವ ವಾಲ್ವ್ ಇರುವ ಪಾತ್ರೆಯನ್ನಷ್ಟೇ ಬಳಸಬೇಕು.

ತಂಪು, ಒತ್ತಡ, ಪೈಪಿನ ಉದ್ದ

ಡ್ರಾಫ್ಟ್ ಬಿಯರಿನ ಗುಟ್ಟೆಲ್ಲ ಈ ಮೂರರಲ್ಲಿದೆ. ನೀರು ತಣ್ಣಗಿದ್ದಷ್ಟೂ ಗ್ಯಾಸನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ. ಸಾಧಾರಣ ವಾತಾವರಣದ ಒತ್ತಡದಲ್ಲಿ 4 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು ಒಂದೂವರೆ ಲೀಟರ್ ಗ್ಯಾಸ್ ಕರಗುತ್ತದೆ. ನಮ್ಮ ಮಧ್ಯಾಹ್ನದ 35 ಡಿಗ್ರಿಯಲ್ಲಿ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಒತ್ತಡ ಏರಿದಂತೆ ಕರಗುವ ಗ್ಯಾಸೂ ಏರುತ್ತದೆ ಎಂದು ವಿಲಿಯಂ ಹೆನ್ರಿ 1803ರಲ್ಲೇ ತೋರಿಸಿದ್ದ. ಬೆಚ್ಚಗಿನ ಸೋಡಾ ಬಾಟಲಿ ತೆರೆದಾಗ ಅರ್ಧ ಚೆಲ್ಲಿಹೋಗಿ ಲೋಟದಲ್ಲಿ ಸಪ್ಪೆ ನೀರು ಉಳಿಯುವುದು ಇದೇ ಕಾರಣಕ್ಕೆ.

ಬಿಯರಿಗೆ 3–4 ಡಿಗ್ರಿಯಲ್ಲಿ ಸುಮಾರು 12 ಪೌಂಡ್ ಒತ್ತಡ ಸಾಕು. ಅಷ್ಟಿಟ್ಟು ವಾರವೊಂದು ಬಿಟ್ಟರೆ ಬೇಕಾದಷ್ಟು ಗ್ಯಾಸ್ ತಾನಾಗಿ ಕರಗುತ್ತದೆ. ಚುರುಕಾದ ಸೋಡಾ ಬೇಕೆಂದರೆ ಅದೇ ತಂಪಿನಲ್ಲಿ 30 ಪೌಂಡ್. ಬೈಕಿನ ಟೈರಿಗೆ ತುಂಬಿಸುವ ಗಾಳಿಯಷ್ಟೇ ಅದು. ಆದರೆ 30 ಪೌಂಡಿನ ಸೋಡಾವನ್ನು ಗಿಡ್ಡ ಪೈಪಿನಲ್ಲಿ ಬಿಟ್ಟರೆ ಲೋಟಕ್ಕೆ ಬರುವುದು ಬರೀ ನೊರೆ ಮತ್ತು ಸದ್ದು. ಒತ್ತಡ ಒಮ್ಮೆಲೇ ಕುಸಿದಾಗ ಕರಗಿದ ಗ್ಯಾಸ್ ಹೊರಗೆ ಸಿಡಿಯುತ್ತದೆ. ಅದನ್ನು ಸಾವಕಾಶವಾಗಿ ಇಳಿಸುವುದೇ ಪೈಪಿನ ಕೆಲಸ. 5 ಮಿಲಿಮೀಟರ್ ಒಳವ್ಯಾಸದ ಸಪೂರ ಪೈಪು ಬಿಯರಿಗಾದರೆ ಸುಮಾರು 3 ಮೀಟರ್, ಸೋಡಾಕ್ಕಾದರೆ ಅದರ ಎರಡು ಪಟ್ಟಿಗೂ ಹೆಚ್ಚು ಬೇಕು. ಪೀಪಾಯಿಯ ಮೇಲೆ ಸುರುಳಿ ಸುತ್ತಿಟ್ಟರೆ ಪೈಪೂ ತಣ್ಣಗಿರುತ್ತದೆ.

ಪೈಪು ತಣ್ಣಗಿರುವುದು ಮುಖ್ಯ. ತಂಪು ತಳದಲ್ಲಿ ಕೂರುವುದರಿಂದ ಪೆಟ್ಟಿಗೆಯ ಮೇಲ್ಭಾಗದ ಚೌಕಟ್ಟು ಬೆಚ್ಚಗಿರುತ್ತದೆ, ಮೊದಲ ಲೋಟ ಸದಾ ನೊರೆ. ಹಳೆಯ ಕಂಪ್ಯೂಟರಿನ 12 ವೋಲ್ಟಿನ ಫ್ಯಾನ್ ಒಂದನ್ನು ಒಳಗೆ ಹಾಕಿ ಗಾಳಿ ಮೇಲೆ ಕೆಳಗೆ ಓಡಾಡುವಂತೆ ಮಾಡಿದರೆ ಈ ಕಾಟ ಬಹಳ ಮಟ್ಟಿಗೆ ತಪ್ಪುತ್ತದೆ.

ಇನ್ನು ಗ್ಯಾಸಿನ ವಿಷಯ. ಸಿಲಿಂಡರಿನಲ್ಲಿ ಇಂಗಾಲದ ಡೈಆಕ್ಸೈಡ್ ದ್ರವವಾಗಿರುತ್ತದೆ. 20 ಡಿಗ್ರಿಯಲ್ಲಿ ಅದರ ಒತ್ತಡ ವಾತಾವರಣದ 57 ಪಟ್ಟು. 31 ಡಿಗ್ರಿ ದಾಟಿದರೆ ಒಂದು ವಿಚಿತ್ರ: ಎಷ್ಟೇ ಒತ್ತಿದರೂ ಅದು ದ್ರವವಾಗಿ ಉಳಿಯುವುದಿಲ್ಲ, ತುಂಬಿದ ಸಿಲಿಂಡರಿನ ಒತ್ತಡ ಒಂದೇ ಸಮನೆ ಏರತೊಡಗುತ್ತದೆ. ತಂಪು ದೇಶದವರು ಇದಕ್ಕೆ ಅಷ್ಟಾಗಿ ತಲೆಕೆಡಿಸಿಕೊಳ್ಳಬೇಕಿಲ್ಲ. ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನಗಳು 31ರ ಮೇಲೆಯೇ. ಹಾಗಾಗಿ ಬಿಸಿಲು ಬೀಳುವ ಜಗಲಿ, ಟೆರೇಸು, ಕಾರಿನ ಡಿಕ್ಕಿ ಸಿಲಿಂಡರಿಗೆ ಜಾಗವಲ್ಲ. ನೆರಳಿನಲ್ಲಿ, ನೆಟ್ಟಗೆ, ಗೋಡೆಗೆ ಸರಪಳಿ ಹಾಕಿ ನಿಲ್ಲಿಸಬೇಕು. ಮಲಗಿಸಿದರೆ ದ್ರವ ರೆಗ್ಯುಲೇಟರಿಗೆ ನುಗ್ಗುತ್ತದೆ. ಹಳೆಯ ಅಗ್ನಿಶಾಮಕ ಸಿಲಿಂಡರ್ ಬಳಸುವ ಉಪಾಯವೂ ಬೇಡ, ಅದರೊಳಗಿನ ಕೊಳವೆ ಗ್ಯಾಸಿನ ಬದಲು ದ್ರವವನ್ನೇ ಹೊರಗೆ ಕಳಿಸುವಂತೆ ಮಾಡಿದ್ದು. 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಪ್ರಕಾರ ಅನುಮೋದನೆ ಪಡೆದ, ಭುಜದ ಮೇಲೆ ಪರೀಕ್ಷೆಯ ದಿನಾಂಕ ಒತ್ತಿರುವ ಸಿಲಿಂಡರನ್ನು, ಸೋಡಾದವರಿಗೆ ಕೊಡುವ ಆಹಾರ ದರ್ಜೆಯ ಗ್ಯಾಸ್ ತುಂಬಿಸಿಯೇ ತರಬೇಕು. ಎಷ್ಟು ಉಳಿದಿದೆ ಎಂದು ಗೇಜ್ ಹೇಳುವುದಿಲ್ಲ. ದ್ರವದ ಕೊನೆಯ ಹನಿ ಇರುವವರೆಗೂ ಮುಳ್ಳು ಒಂದೇ ಕಡೆ ನಿಂತಿರುತ್ತದೆ. ತೂಕ ಮಾಡುವುದೊಂದೇ ದಾರಿ. ಎರಡು ಕಿಲೋ ಗ್ಯಾಸಿನಲ್ಲಿ 19 ಲೀಟರಿನ ಐದಾರು ಪೀಪಾಯಿ ಸೋಡಾ ಧಾರಾಳವಾಗಿ ಆಗುತ್ತದೆ.

ಕಾಣದ ಅಪಾಯ

ಆ ಎರಡು ಕಿಲೋ ಗ್ಯಾಸ್ ಸೋರಿ ಕೋಣೆಗೆ ಬಂದರೆ ಏನಾಗುತ್ತದೆ? ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಹಿಗ್ಗಿ ಅರ್ಧ ಘನ ಮೀಟರಿಗಿಂತ ತುಸು ಹೆಚ್ಚು ಜಾಗ ತುಂಬುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯ ಗಾಳಿ ಸುಮಾರು 28 ಘನ ಮೀಟರ್. ಕಿಟಕಿ ಬಾಗಿಲು ಮುಚ್ಚಿದ್ದರೆ ಆ ಗಾಳಿಯಲ್ಲಿ ಗ್ಯಾಸಿನ ಪಾಲು ಶೇ 4ರ ಹತ್ತಿರ ಹೋಗುತ್ತದೆ. ಜೀವಕ್ಕೆ ತಕ್ಷಣದ ಅಪಾಯ ಎಂದು ಸುರಕ್ಷತಾ ತಜ್ಞರು ಗುರುತಿಸುವ ಗೆರೆಯೇ ಶೇ 4. ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ ಈ ಅನಿಲಕ್ಕೆ ಅಡುಗೆ ಗ್ಯಾಸಿನ ಹಾಗೆ ವಾಸನೆಯಿಲ್ಲ. ಅದು ನೆಲದಲ್ಲಿ, ಅದಕ್ಕೂ ಮೊದಲು ಫ್ರೀಜರಿನ ತಳದಲ್ಲಿ ಮಡುಗಟ್ಟುತ್ತದೆ. ಮುಚ್ಚಳ ತೆಗೆದು ತಲೆ ಒಳಗೆ ಹಾಕಿ ಬಗ್ಗುವ ಅಭ್ಯಾಸ ಯಾರಿಗೂ ಬೇಡ, ಮಕ್ಕಳಿರುವ ಮನೆಯಲ್ಲಿ ಮುಚ್ಚಳಕ್ಕೆ ಬೀಗ ಇರಲಿ. ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡುವುದು, ಬಳಸದಾಗ ಸಿಲಿಂಡರಿನ ವಾಲ್ವ್ ಮುಚ್ಚುವುದು, ಮಲಗುವ ಕೋಣೆಯಲ್ಲಿ ಈ ಯಂತ್ರ ಇಡದಿರುವುದು ಮೂರೂ ಕಡ್ಡಾಯ. ಕಂಟ್ರೋಲರಿನ ವೈರಿಂಗ್‌ಗೆ ಅರ್ತಿಂಗ್ ಸರಿಯಿರಬೇಕು. ಒಳಗೆಲ್ಲ ಒದ್ದೆ, ಹೊರಗೆಲ್ಲ ಲೋಹ.

ಒದ್ದೆ ಎಂದೆನಲ್ಲ, ಅದೂ ಈ ಪೆಟ್ಟಿಗೆಯ ಹುಟ್ಟುಗುಣ. ಮೈನಸ್ 18ರಲ್ಲಿ ತೇವ ಹಿಮವಾಗಿ ಗೋಡೆಗೆ ಅಂಟುತ್ತದೆ, 4 ಡಿಗ್ರಿಯಲ್ಲಿ ನೀರಾಗಿ ತಳಕ್ಕಿಳಿದು ಬೂಷ್ಟು, ತುಕ್ಕು ತರುತ್ತದೆ. ತೇವ ಹೀರುವ ಹರಳುಗಳ ಡಬ್ಬಿ ಇಟ್ಟು ಆಗಾಗ ಒಣಗಿಸಬೇಕು, ವಾರಕ್ಕೊಮ್ಮೆ ಬಟ್ಟೆಯಲ್ಲಿ ಒರೆಸಬೇಕು.

ಲಾಭವೂ ಇದೆ. ಹೊರಗೆ 35 ಡಿಗ್ರಿ ಇದ್ದಾಗ ಐಸ್‌ಕ್ರೀಂ ಪೆಟ್ಟಿಗೆ 53 ಡಿಗ್ರಿಯ ಅಂತರ ಕಾಯಬೇಕು, ನಮ್ಮದು ಕಾಯುವುದು 31 ಡಿಗ್ರಿ. ಕರೆಂಟ್ ಬಿಲ್ಲು ಅಷ್ಟರ ಮಟ್ಟಿಗೆ ಇಳಿಯುತ್ತದೆ. ನಾಲ್ಕು ತುಂಬಿದ ಪೀಪಾಯಿಗಳೆಂದರೆ 76 ಲೀಟರ್ ತಣ್ಣೀರು. ಮುಚ್ಚಳ ತೆರೆಯದಿದ್ದರೆ ಬೆಸ್ಕಾಂ ಒಂದೆರಡು ಗಂಟೆ ಕರೆಂಟ್ ತೆಗೆದರೂ ಅದರ ತಾಪಮಾನ ಒಂದು ಡಿಗ್ರಿ ಏರುವುದೂ ಕಷ್ಟ.

ಏನು ತುಂಬುವುದು?

ಎಲ್ಲಕ್ಕಿಂತ ಸುಲಭ ಬರೀ ಸೋಡಾ ನೀರು. ಶುದ್ಧೀಕರಿಸಿದ ನೀರು ತುಂಬಿ, ತಣಿಸಿ, 30 ಪೌಂಡಿಗೆ ಬಿಟ್ಟರೆ ನಾಲ್ಕೈದು ದಿನಕ್ಕೆ ತಯಾರು. ಅವಸರವಿದ್ದರೆ ಗ್ಯಾಸ್ ಕೊಟ್ಟು ಪೀಪಾಯಿಯನ್ನು ಅಲುಗಾಡಿಸಬೇಕು. ನಿಂಬೆ, ಜೀರಿಗೆ, ಶುಂಠಿ, ನನ್ನಾರಿ ಯಾವುದಿದ್ದರೂ ಲೋಟದಲ್ಲಿ ಬೆರೆಸಿಕೊಂಡರೆ ಪೈಪು ಸ್ವಚ್ಛವಾಗಿ ಉಳಿಯುತ್ತದೆ. ಪೀಪಾಯಿಯಲ್ಲೇ ಬೆರೆಸುವುದಾದರೆ ತಿರುಳು, ಬೀಜ, ಬೇಳೆಯಷ್ಟೂ ಕಸ ಉಳಿಯದಂತೆ ಸೋಸಬೇಕು. ಇಲ್ಲವಾದರೆ ನಲ್ಲಿ ಕಟ್ಟುತ್ತದೆ. ಮಜ್ಜಿಗೆ ಈ ಯಂತ್ರಕ್ಕೆ ಹೇಳಿದ್ದಲ್ಲ. ಬೆಲ್ಲ, ಸಕ್ಕರೆ ಬೆರೆತ ಪಾನೀಯವನ್ನು ಬೆಚ್ಚಗೆ ಬಿಟ್ಟರೆ ಗಾಳಿಯಲ್ಲಿರುವ ಯೀಸ್ಟ್ ತಾನಾಗಿ ಸೇರಿ ಹುಳಿಬರಿಸತೊಡಗುತ್ತದೆ. ಪಾನಕ ಹೆಂಡದ ದಾರಿ ಹಿಡಿಯುವುದು ಹಾಗೆ. ಅದನ್ನು ತಡೆಯುವುದು 4 ಡಿಗ್ರಿಯ ತಂಪು ಮತ್ತು ಎರಡು ವಾರಕ್ಕೊಮ್ಮೆ ಪೈಪು ತೊಳೆಯುವ ಶಿಸ್ತು. ಬಿಯರ್ ಮಾರುವವರು ಪೈಪಿಗೆ ಕಾಸ್ಟಿಕ್ ದ್ರಾವಣ ಬಿಟ್ಟು ತೊಳೆಯುತ್ತಾರೆ, ಸಿಹಿ ಪಾನೀಯಕ್ಕೂ ಅಷ್ಟೇ ಕಟ್ಟುನಿಟ್ಟು ಬೇಕು.

ಇದು ಯಾರಿಗೆ ತಕ್ಕದ್ದು? ಇಬ್ಬರೇ ಇರುವ ಮನೆಗೆ ಅಲ್ಲ. ಅವರಿಗೆ ಬೀದಿ ಮೂಲೆಯ ಸೋಡಾ ಅಂಗಡಿಯೇ ಅಗ್ಗ. ತುಂಬಿದ ಪೀಪಾಯಿ 23–24 ಕಿಲೋ ತೂಗುತ್ತದೆ. ಅದನ್ನು ಎದೆಮಟ್ಟದ ಚೌಕಟ್ಟಿನ ಮೇಲಿಂದ ಎತ್ತಿ ಒಳಗಿಡುವುದಕ್ಕೆ ಗಟ್ಟಿ ಸೊಂಟ ಬೇಕು. ಲಾಭ ಕಾಣುವುದು ದೊಡ್ಡ ಕೂಡುಕುಟುಂಬಕ್ಕೆ, ಸಂಘದ ಕಟ್ಟಡಕ್ಕೆ, ಕಲ್ಯಾಣ ಮಂಟಪದ ಅಡುಗೆಯವರಿಗೆ. ಎರಡು ವರ್ಷಕ್ಕೊಮ್ಮೆ ಬರುವ ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ ಬಂದ ನೆಂಟರಿಗೆ ಬಾಟಲಿ ಬಾಟಲಿ ತಂಪುಪಾನೀಯ ತರಿಸಿ, ಖಾಲಿ ಪ್ಲಾಸ್ಟಿಕ್ಕನ್ನು ಗುಡ್ಡೆಹಾಕುವವರು ನಮ್ಮಲ್ಲಿ ಕಡಿಮೆಯಿಲ್ಲ. ಕೊಕ್ಕನೂರಿನ ಆಂಜನೇಯನ ಗುಡಿಗೆ ಬರುವ ಭಕ್ತರಿಗೆ ನೆರಳು, ನೀರು ಕೊಡುವ ದಾನಿಗಳೂ ಯೋಚಿಸಬಹುದು. ಬಾಟಲಿಯಿಲ್ಲದ, ಒಂದೇ ನಲ್ಲಿಯ ನಿಂಬೆ ಸೋಡಾ ಅಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ದುಡ್ಡಿಗೆ ಮಾರುವುದಾದರೆ ಲೆಕ್ಕ ಬೇರೆ. ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿಯೇ ನಲ್ಲಿ ತಿರುವಬೇಕು.

ಕೆಲಸಕ್ಕೆ ಇಳಿಯುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ಇಟ್ಟುಕೊಳ್ಳಿ. ಹಳೆಯ ಫ್ರೀಜರ್ ಒಂದು ಇಡೀ ದಿನ ಖಾಲಿ ಓಡಿದಾಗ ಹಿಮ ಕಟ್ಟುತ್ತದೆಯೇ? ಕಟ್ಟದಿದ್ದರೆ ಗ್ಯಾಸ್ ಸೋರುತ್ತಿದೆ, ಕೊಳ್ಳಬೇಡಿ. ನಿಮ್ಮೂರಿನ ಹತ್ತಿರ ಸಿಲಿಂಡರ್ ತುಂಬಿಸಿಕೊಡುವವರು ಇದ್ದಾರೆಯೇ? ಇಲ್ಲವಾದರೆ ಮೊದಲ ಸಿಲಿಂಡರ್ ಮುಗಿದ ದಿನ ಯಂತ್ರ ಮತ್ತೆ ಗುಜರಿ. ವಾರಕ್ಕೊಮ್ಮೆ ಒರೆಸಿ, ಎರಡು ವಾರಕ್ಕೊಮ್ಮೆ ಪೈಪು ತೊಳೆಯುವವರು ಮನೆಯಲ್ಲಿ ಯಾರು? ಮೊದಲೆರಡು ಪ್ರಶ್ನೆಗಳಿಗೆ ಮೆಕ್ಯಾನಿಕ್ ಮತ್ತು ಸೋಡಾ ಮಷಿನಿನವರು ಉತ್ತರ ಕೊಡುತ್ತಾರೆ. ಮೂರನೆಯದನ್ನು ಮನೆಯವರ ಮುಂದೆಯೇ ಕೇಳಿ, ಅವರು ಒಪ್ಪಿದ ಮೇಲೆ ಬಡಗಿಯನ್ನು ಕರೆಯಿರಿ.